ಬ್ರಷ್ ಅಕ್ಷರದ ಕನ್ನಡ ಫಾಂಟು: ಅಂಗಡಿಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಡಿಸೈನ್ ಅಂಗಡಿ ಇದೆ. ಎರಡು ಕಂಪ್ಯೂಟರ್, ಒಂದು ಸ್ಟಿಕ್ಕರ್ ಕತ್ತರಿಸುವ ಮಷಿನ್, ಗೋಡೆ ತುಂಬ ಹಳೇ ಲಗ್ನಪತ್ರಿಕೆ. ಬಂದವರಲ್ಲಿ ಅರ್ಧ ಜನ ಮೊಬೈಲ್ ತೆಗೆದು ಒಂದು ಫೋಟೋ ತೋರಿಸುತ್ತಾರೆ. ‘ಇಂಥಾ ಅಕ್ಷರ ಬೇಕ್ರಿ, ಬ್ರಷ್‌ಲೆ ಬರದಂಗ’ ಅನ್ನುತ್ತಾರೆ. ಆಮೇಲೆ ಚಹಾ ಬರುತ್ತದೆ, ಪ್ರಶ್ನೆಗಳು ಶುರುವಾಗುತ್ತವೆ. ಗದಗ, ಹಾವೇರಿ ಕಡೆಯ ಪ್ರೆಸ್‌ಗಳಲ್ಲಿ ಕೆಲಸ ಮಾಡುವ ಹುಡುಗರೂ ಪತ್ರ ಬರೆದು ಕೇಳುತ್ತಾರೆ. ಅವರವರು ಕೇಳಿದ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಉತ್ತರ ನನ್ನದು.

## ಮೊದಲು ತಿಳಿಯಬೇಕಾದದ್ದು

ಬ್ರಷ್ ಫಾಂಟ್ ಅಂದ್ರ ಏನ್ರಿ? ಕೈಲೆ ಬರದಂಗ ಕಾಣೋವೆಲ್ಲಾ ಬ್ರಷ್ ಫಾಂಟೇನು?

ಇಲ್ಲ. ಬಾಲ್‌ಪೆನ್ನಿನಲ್ಲಿ ಬರೆದಂತೆ ಕಾಣುವ ಫಾಂಟು ಕೂಡ ಕೈಬರಹವೇ, ಆದರೆ ಅದರ ಗೆರೆ ಉದ್ದಕ್ಕೂ ಒಂದೇ ದಪ್ಪ. ಬ್ರಷ್ ಫಾಂಟಿನಲ್ಲಿ ಬ್ರಷ್ ನಡೆದ ದಾರಿ ಕಾಣಬೇಕು. ಒತ್ತಿದಲ್ಲಿ ದಪ್ಪ, ಎತ್ತಿದಲ್ಲಿ ತೆಳು, ತಿರುವಿನಲ್ಲಿ ಸ್ವಲ್ಪ ಉಬ್ಬು, ಬಣ್ಣ ಮುಗಿಯುತ್ತ ಬಂದಲ್ಲಿ ಕೂದಲಿನ ಗೀರು. ಅದರಲ್ಲೂ ಎರಡು ಜಾತಿ ಇದೆ. ಒಂದು ಅಂಚು ಸಾಫಾಗಿರುವುದು, ತುಂಬಾ ಬಣ್ಣ ಅದ್ದಿ ಬರೆದಂತೆ. ಇನ್ನೊಂದು ಒಣ ಬ್ರಷ್ ಎಳೆದಂತೆ ಗೀರುಗೀರಾಗಿರುವುದು.

‘ಕ್ಯಾಶುಯಲ್’ ಅನ್ನುವುದು ಇದರ ಮನೋಭಾವದ ಹೆಸರು. ಲಗ್ನಪತ್ರಿಕೆಯ ಬಳುಕುವ ನಿಬ್ಬಿನ ಅಕ್ಷರ ರೇಷ್ಮೆ ಸೀರೆ ಉಟ್ಟು ಕೂತಂತೆ ಇದ್ದರೆ, ಇದು ಓಣಿಯ ಕಟ್ಟೆ ಮೇಲೆ ಕೂತು ಮಾತಾಡಿದಂತೆ.

ಇದು ಶುರುವಾಗಿದ್ದು ಎಲ್ಲಿಂದ? ಕಂಪ್ಯೂಟರ್ ಬಂದಮೇಲಾ?

ಅಲ್ಲವೇ ಅಲ್ಲ. ಸೀಸದ ಅಚ್ಚುಮೊಳೆಯ ಕಾಲದಲ್ಲೇ ಇತ್ತು. ಬೋರ್ಡ್ ಬರೆಯುವವರ ಕೈಚಳಕವನ್ನು ಅಚ್ಚಿಗೆ ಇಳಿಸುವ ಆಸೆಯಿಂದ ಹುಟ್ಟಿದ್ದು. ‘ಬ್ರಷ್ ಸ್ಕ್ರಿಪ್ಟ್’ ಎಂಬ ಹೆಸರಿನದನ್ನು 1942ರಲ್ಲಿ ರಾಬರ್ಟ್ ಇ. ಸ್ಮಿತ್ ಅಮೆರಿಕನ್ ಟೈಪ್ ಫೌಂಡರ್ಸ್ ಕಂಪನಿಗೆ ಮಾಡಿಕೊಟ್ಟರು. ಮುಂದೆ ಅದು ಕಂಪ್ಯೂಟರ್‌ಗಳ ಜೊತೆ ಮನೆಮನೆಗೆ ಬಂತು. ಹಳೇ ಕಂಪ್ಯೂಟರಿನಲ್ಲಿ ಹುಟ್ಟುಹಬ್ಬದ ಬ್ಯಾನರ್ ಮಾಡಿದವರಿಗೆಲ್ಲ ಅದರ ಮುಖ ಪರಿಚಯ. ಅದೇ ಕಂಪನಿಯಿಂದ 1951ರಲ್ಲಿ ‘ಡಾಮ್ ಕ್ಯಾಶುಯಲ್’ ಬಂತು. 1953ರಲ್ಲಿ ಫ್ರಾನ್ಸಿನ ರೋಜೆ ಎಕ್ಸ್‌ಕಾಫೋನ್ ಮಾಡಿದ ‘ಮಿಸ್ತ್ರಾಲ್’ ಬಂತು. ಈಗ ಎಲ್ಲ ಕೆಫೆಯ ಗೋಡೆಯಲ್ಲೂ ಕಾಣುವ ‘ಪೆಸಿಫಿಕೊ’ 2011ರದು, ವರ್ನನ್ ಆಡಮ್ಸ್ ಮಾಡಿದ್ದು.

ಇವೆಲ್ಲ ಇಂಗ್ಲಿಷ್ ಅಕ್ಷರದ ಮಾತು. ನಮ್ಮಲ್ಲಿ ಬ್ರಷ್ ಅಕ್ಷರ ಫಾಂಟಿಗಿಂತ ಮುಂಚೆ ಗೋಡೆ ಮೇಲೆ ಇತ್ತು. ನಾಟಕ ಕಂಪನಿಯ ಬೋರ್ಡು, ಲಾರಿಯ ಹಿಂಬದಿ, ಕಿರಾಣಿ ಅಂಗಡಿಯ ತಗಡು.

ಇಂಗ್ಲಿಷ್‌ನ್ಯಾಗ ಅಕ್ಷರ ಕೂಡಿಸಿ ಬರದಿರ್ತಾರ. ಕನ್ನಡದಾಗ ಯಾಕ ಹಂಗ ಬರಂಗಿಲ್ಲ?

ಇದು ಬಹಳ ಒಳ್ಳೇ ಪ್ರಶ್ನೆ. ಇಂಗ್ಲಿಷ್ ಬ್ರಷ್ ಫಾಂಟಿನ ಅರ್ಧ ಸೊಗಸು ಒಂದಕ್ಷರದ ಬಾಲ ಮುಂದಿನ ಅಕ್ಷರಕ್ಕೆ ತಾಗುವುದರಲ್ಲಿದೆ. ನಮ್ಮ ಅಕ್ಷರ ಹಾಗಿಲ್ಲ. ಒಂದೊಂದೂ ತನ್ನಷ್ಟಕ್ಕೆ ದುಂಡಗೆ ಮುಗಿಯುತ್ತದೆ. ಮೇಲೆ ತಲೆಕಟ್ಟು, ಕೆಳಗೆ ಒತ್ತು. ಹಳೇ ಕಡತಗಳ ಮೋಡಿ ಬರಹದಲ್ಲಿ ಕೈ ಎತ್ತದೆ ಓಡಿಸಿದ್ದುಂಟು, ಆದರೆ ಅದನ್ನು ಈಗ ಓದುವವರು ಎಷ್ಟು ಜನ?

ಹಾಗಾಗಿ ಕನ್ನಡದ ಬ್ರಷ್ ಅಕ್ಷರಕ್ಕೆ ಜೀವ ಬೇರೆ ಕಡೆಯಿಂದ ಬರಬೇಕು. ನನ್ನ ಕಣ್ಣಿಗೆ ಅದು ತಲೆಕಟ್ಟಿನಿಂದ ಬರುತ್ತದೆ. ಒಂದು ಸಾಲಿನಲ್ಲಿ ತಲೆಕಟ್ಟುಗಳೆಲ್ಲ ಒಂದೇ ಕಡೆಗೆ ವಾಲಿರಬೇಕು, ಆದರೆ ಉದ್ದ ಸ್ವಲ್ಪ ಹೆಚ್ಚುಕಡಿಮೆ ಇರಬೇಕು. ಆಗ ಅಕ್ಷರ ಅಂಟದಿದ್ದರೂ ಸಾಲು ಒಂದೇ ಉಸಿರಿನಲ್ಲಿ ಬರೆದಂತೆ ಕಾಣುತ್ತದೆ. ಕನ್ನಡದ ಅಕ್ಷರಗಳನ್ನು ಬಲವಂತವಾಗಿ ಅಂಟಿಸಿದ ಫಾಂಟುಗಳೂ ಇವೆ. ದೂರದಿಂದ ತೆಲುಗೋ ಕನ್ನಡವೋ ಅಂತ ಅನುಮಾನ ಬರುತ್ತದೆ.

‘ಹುಬ್ಬಳ್ಳಿ’ ಅನ್ನೋ ಹೆಸರಿನ ಫಾಂಟೇ ಇದೆಯಂತಲ್ಲ, ಅದು ನಮ್ಮೂರಿನವರು ಮಾಡಿದ್ದಾ?

ಫಾಂಟು ಇರುವುದು ನಿಜ. ಮಾಡಿದವರು ಎರಿನ್ ಮೆಕ್‌ಲಾಕ್ಲಿನ್, ಅಮೆರಿಕದವರು. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಕನ್ನಡ ಇಂಗ್ಲಿಷ್ ಎರಡೂ ಇದೆ. ಕೈಬರಹದ ಸಲಿಗೆ ಇದೆ, ಆದರೆ ಗೆರೆ ಉದ್ದಕ್ಕೂ ಒಂದೇ ದಪ್ಪ, ಹಾಗಾಗಿ ಬ್ರಷ್ ಫಾಂಟ್ ಅನ್ನಲು ಬರುವುದಿಲ್ಲ. ಬ್ರಷ್ ಅಕ್ಷರದ ಕೆಳಗೆ ಎರಡನೇ ಸಾಲಿಗೆ ಮಾತ್ರ ಚೆನ್ನಾಗಿ ಹೊಂದುತ್ತದೆ. ಊರಿನ ಹೆಸರು ನೋಡಿ ಡೌನ್‌ಲೋಡ್ ಮಾಡಿಕೊಂಡವರಲ್ಲಿ ನಾನೂ ಒಬ್ಬ.

## ಎಲ್ಲಿ ಹಾಕಬೇಕು, ಎಲ್ಲಿ ಬೇಡ

ನಂದು ಗಿರ್ಮಿಟ್ ಅಂಗಡಿ ಐತಿ. ಬೋರ್ಡ್ ಪೂರ್ತಿ ಅದರಾಗ ಮಾಡ್ಸಿದ್ರ ಹೆಂಗ?

ಹೆಸರಿಗೆ ಮಾತ್ರ ಹಾಕಿಸಿ. ಗಿರ್ಮಿಟ್, ಮಿರ್ಚಿ, ಚಹಾ, ಲಸ್ಸಿ, ಇವೆಲ್ಲ ಬ್ರಷ್ ಅಕ್ಷರಕ್ಕೆ ಹೇಳಿ ಮಾಡಿಸಿದ ಮಾಲು. ಬಿಸಿಬಿಸಿ, ಈಗಷ್ಟೇ ಕೈಯಲ್ಲಿ ಮಾಡಿದ್ದು ಅನ್ನುವ ಭಾವನೆ ಬರುತ್ತದೆ. ಆದರೆ ‘ಇಲ್ಲಿ ಗಿರ್ಮಿಟ್, ಮಿರ್ಚಿ ಭಜಿ, ಅವಲಕ್ಕಿ ಸೂಸಲಾ ದೊರೆಯುತ್ತದೆ’ ಅನ್ನುವ ಸಾಲನ್ನೂ ಅದರಲ್ಲೇ ಬರೆಸಿದರೆ ಹೆಸರಿಗೆ ಇದ್ದ ಗತ್ತು ಹೋಗುತ್ತದೆ. ಒಗ್ಗರಣೆಯ ಸಾಸಿವೆಯನ್ನೇ ತಟ್ಟೆ ತುಂಬ ಬಡಿಸಿದಂತೆ.

ನಾನು ಪಾಲಿಸುವ ಲೆಕ್ಕ ಇದು: ಒಂದು ಬೋರ್ಡಿಗೆ ಹೆಸರಷ್ಟೇ ಬ್ರಷ್, ಹೆಚ್ಚೆಂದರೆ ಮೂರು ಪದ. ಉಳಿದದ್ದೆಲ್ಲ ಸಾದಾ ಅಕ್ಷರ. ರೇಟಿನ ಪಟ್ಟಿ, ಫೋನ್ ನಂಬರ್, ವಿಳಾಸ ಈ ಮೂರಕ್ಕೆ ಯಾವ ಕಾರಣಕ್ಕೂ ಬ್ರಷ್ ಬೇಡ. ಬ್ರಷ್ ಅಂಕಿಯಲ್ಲಿ 1 ಮತ್ತು 7 ಅಣ್ಣತಮ್ಮಂದಿರಂತೆ ಕಾಣುತ್ತವೆ. ಗಿರಾಕಿ ಫೋನ್ ಬೇರೆಯವರ ಮನೆಗೆ ಹೋಗುತ್ತದೆ.

ಲಗ್ನಪತ್ರಿಕೆಗೆ ನಡೀತೈತೇನ್ರಿ? ಮನ್ಯಾಗ ಹಿರಿಯಾರು ಬ್ಯಾಡ ಅಂತಾರ.

ಹಿರಿಯರ ಮಾತಿನಲ್ಲಿ ಹುರುಳಿದೆ. ಮುಹೂರ್ತ, ದೇವರ ಹೆಸರು, ಆಮಂತ್ರಿಸುವವರ ಹೆಸರು ಇವನ್ನು ಸಾದಾ ಅಕ್ಷರದಲ್ಲಿ ಇಡಿ. ಅಜ್ಜ ಕನ್ನಡಕ ಹಾಕಿಕೊಂಡು ಮೊದಲು ಓದುವುದು ಅದನ್ನೇ. ವಧೂವರರ ಹೆಸರಿಗೆ ಅಂಚು ಸಾಫಾಗಿರುವ ಬ್ರಷ್ ಅಕ್ಷರ ಹಾಕಬಹುದು, ಗೀರುಗೀರಾದದ್ದು ಬೇಡ. ಬಂಗಾರದ ಫಾಯಿಲ್ ಒತ್ತಿಸುವುದಿದ್ದರೆ ಇನ್ನೂ ಜೋಪಾನ. ಆ ಗೀರುಗಳ ನಡುವಿನ ಸಣ್ಣ ಸಂದಿ ಫಾಯಿಲ್‌ನಲ್ಲಿ ತುಂಬಿಕೊಂಡು ಅಕ್ಷರ ಕಲೆಯಾದಂತೆ ಕಾಣುತ್ತದೆ. ಹಳದಿ ಶಾಸ್ತ್ರದ ಕಾರ್ಡು, ವಾಟ್ಸಾಪ್‌ಗೆ ಕಳಿಸುವ ಕರೆಯೋಲೆ ಇವುಗಳಲ್ಲಿ ಮನಸ್ಸು ಬಿಚ್ಚಿ ಆಡಿ.

ಬ್ಯಾಡಗಿ ಖಾರದಪುಡಿ ಪ್ಯಾಕೆಟ್ ಮಾಡ್ತಿದ್ದೇವೆ. ಲೇಬಲ್‌ಗೆ ಇದು ಸರಿ ಹೋಗುತ್ತಾ?

ಮುಂದಿನ ಮುಖದಲ್ಲಿ ‘ಬ್ಯಾಡಗಿ’ ಅನ್ನುವ ಪದಕ್ಕೆ ಸರಿಹೋಗುತ್ತದೆ. ಕೆಂಪು ಮೇಲೆ ಬಿಳಿ, ಒಣ ಬ್ರಷ್‌ನ ಗೀರು, ಮೆಣಸಿನಕಾಯಿಯ ಸುಕ್ಕು ತೊಗಲಿಗೆ ಚೆನ್ನಾಗಿ ಹೊಂದುತ್ತದೆ. ತೂಕ, ಬೆಲೆ, ತಯಾರಿಸಿದ ತಾರೀಖು, ತಯಾರಿಸಿದವರ ವಿಳಾಸ ಇವೆಲ್ಲ ಸ್ಪಷ್ಟವಾಗಿ ಓದಲು ಬರಬೇಕು ಅಂತ ಕಾನೂನೇ ಇದೆ. ಅಕ್ಷರದ ಎತ್ತರಕ್ಕೂ ನಿಯಮ ಇದೆ. ಅಲ್ಲಿ ಸಾದಾ ಫಾಂಟು. ‘ಬ್ಯಾಡಗಿ ಮೆಣಸಿನಕಾಯಿ’ಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ ಅನ್ನುವುದೂ ನೆನಪಿರಲಿ. ಒಳಗಿರುವ ಮಾಲು ಅದೇ ಆಗಿರಬೇಕು. ಅದು ನನ್ನ ಕೆಲಸವಲ್ಲ, ಆದರೂ ಹೇಳಿಬಿಡುತ್ತೇನೆ.

ರಸ್ತೆಯಿಂದ ಓದೋಕೆ ಅಕ್ಷರ ಎಷ್ಟು ದೊಡ್ಡದಿರಬೇಕು?

ಬೋರ್ಡಿನವರ ಲೆಕ್ಕ ಸರಳ: ಅಕ್ಷರದ ಎತ್ತರ ಒಂದು ಇಂಚು ಇದ್ದರೆ ಹತ್ತು ಅಡಿಯಿಂದ ಆರಾಮಾಗಿ ಓದಬಹುದು. ರಸ್ತೆಯ ಆಚೆ ಬದಿ 60 ಅಡಿ ದೂರ ಇದ್ದರೆ ಆರು ಇಂಚು. ಇದು ಸಾದಾ ಅಕ್ಷರದ ಲೆಕ್ಕ. ಬ್ರಷ್ ಅಕ್ಷರಕ್ಕೆ ನಾನು ಒಂದೂವರೆ ಪಟ್ಟು ಹಿಡಿಯುತ್ತೇನೆ. ಎತ್ತರ ಅಂದರೆ ಮೂಲ ಅಕ್ಷರದ್ದು, ಒತ್ತು ಮತ್ತು ಕೊಂಬು ಸೇರಿಸಿ ಅಳೆಯಬೇಡಿ. ಹಾಗೆ ಅಳೆದು ಮೋಸ ಹೋದವರಿದ್ದಾರೆ.

ಬೋರ್ಡ್‌ನಲ್ಲಿ ಇಂಗ್ಲಿಷೂ ಬೇಕು. ಎರಡಕ್ಕೂ ಬ್ರಷ್ ಫಾಂಟೇ ಹಾಕಬೇಕಾ?

ಮೊದಲು ಕಾನೂನು: 2024ರ ತಿದ್ದುಪಡಿಯ ಪ್ರಕಾರ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಅಂದಮೇಲೆ ಕನ್ನಡವೇ ಹೀರೋ. ಅದಕ್ಕೆ ಬ್ರಷ್ ಹಾಕಿ, ಇಂಗ್ಲಿಷಿಗೆ ಸಾದಾ ದುಂಡನೆಯದು ಸಾಕು.

ಎರಡೂ ಬ್ರಷ್ ಆಗಲೇಬೇಕು ಅಂದರೆ ಗೆರೆಯ ದಪ್ಪ ಒಂದೇ ಇರಲಿ. ಒಬ್ಬನೇ ಬರೆದದ್ದು, ಒಂದೇ ಬ್ರಷ್ಷಿನಿಂದ ಅನ್ನಿಸಬೇಕು. ಕನ್ನಡದ ಮೂಲ ಅಕ್ಷರದ ಎತ್ತರ ಇಂಗ್ಲಿಷಿನ ಸಣ್ಣಕ್ಷರಕ್ಕಿಂತ ತುಸು ಹೆಚ್ಚು, ದೊಡ್ಡಕ್ಷರಕ್ಕಿಂತ ತುಸು ಕಡಿಮೆ ಇಟ್ಟರೆ ಕಣ್ಣಿಗೆ ಸಮ ಕಾಣುತ್ತದೆ. ಇನ್ನೊಂದು, ಇಂಗ್ಲಿಷ್ ಬ್ರಷ್ ಫಾಂಟಿನಲ್ಲಿ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಟೈಪ್ ಮಾಡಬೇಡಿ. ಆ ಅಕ್ಷರಗಳು ಪದದ ಶುರುವಿಗೆ ಮಾತ್ರ ಅಂತ ಬರೆದವು. ಸಾಲಾಗಿ ನಿಲ್ಲಿಸಿದರೆ ಒಂದರ ಬಾಲ ಇನ್ನೊಂದರ ಕಣ್ಣಿಗೆ ಚುಚ್ಚುತ್ತದೆ. ಅಕ್ಷರಗಳ ನಡುವೆ ಜಾಗ ಎಳೆದು ಅಗಲ ಮಾಡುವುದೂ ಬೇಡ, ಕೂಡಿಕೊಂಡ ಬಾಲ ಕತ್ತರಿಸಿಹೋಗುತ್ತದೆ.

## ಆರಿಸುವಾಗ

ಚಲೋ ಫಾಂಟ್ ಯಾವುದು, ಕೆಟ್ಟದ್ದು ಯಾವುದು, ನೋಡಿದ ಕೂಡಲೇ ಹೆಂಗ ಗೊತ್ತಾಗತೈತಿ?

ನಮ್ಮ ಕಡೆಯ ಊರುಗಳ ಹೆಸರನ್ನೇ ಟೈಪ್ ಮಾಡಿ ನೋಡಿ. ನನ್ನ ಬಳಿ ನಾಲ್ಕು ಹೆಸರು ಇವೆ, ಹೊಸ ಫಾಂಟು ಬಂದ ದಿನ ಮೊದಲು ಅವನ್ನೇ ಹಾಕುವುದು: ಧಾರವಾಡ, ಹುಬ್ಬಳ್ಳಿ, ಗದಗ, ಲಕ್ಷ್ಮೇಶ್ವರ.

ಧಾರವಾಡ ಏಕೆಂದರೆ ದ ಮತ್ತು ಧ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು ಮಾತ್ರ. ಪ–ಫ, ಬ–ಭ ಕೂಡ ಹಾಗೇ. ಒಣ ಬ್ರಷ್ ಫಾಂಟಿನಲ್ಲಿ ಆ ಗೀಟು ಗೀರುಗಳ ಜೊತೆ ಕಳೆದುಹೋಗುತ್ತದೆ, ಊರು ‘ದಾರವಾಡ’ ಆಗುತ್ತದೆ. ಪೇಢಾ ಡಬ್ಬಿಯ ಮೇಲೆ ಹಾಗೆ ಅಚ್ಚಾದರೆ ಧಾರವಾಡದ ಲೈನ್ ಬಜಾರಿನಲ್ಲಿ ಮುಖ ತೋರಿಸಲು ಆಗುತ್ತದೆಯೇ?

ಹುಬ್ಬಳ್ಳಿಯಲ್ಲಿ ಎರಡು ಒತ್ತು ಬೆನ್ನಿಗೆ ಬೆನ್ನು ಹಚ್ಚಿ ಬರುತ್ತವೆ. ಇಲ್ಲಿ ಕಣ್ಣು ಹತ್ತಿರ ತಂದು ನೋಡಬೇಕು. ಕಳಪೆ ಫಾಂಟಿನವರು ಮೂಲ ‘ಬ’ವನ್ನೇ ಕುಗ್ಗಿಸಿ ಕೆಳಗೆ ಇಟ್ಟಿರುತ್ತಾರೆ. ಅಕ್ಷರ ಕುಗ್ಗಿದಾಗ ಗೆರೆಯೂ ತೆಳ್ಳಗಾಗುತ್ತದೆ. ಮೇಲಿನದನ್ನು ಒಂದು ಇಂಚಿನ ಬ್ರಷ್ಷಿನಲ್ಲಿ ಬರೆದು, ಕೆಳಗಿನದಕ್ಕೆ ಅರ್ಧ ಇಂಚಿನದು ಹಿಡಿದಂತೆ. ಬೋರ್ಡ್ ಬರೆಯುವ ಯಾರೂ ಒತ್ತಕ್ಷರಕ್ಕೆ ಅಂತ ಬ್ರಷ್ ಬದಲಿಸುವುದಿಲ್ಲ. ಅದೇ ಬ್ರಷ್ಷಿನ ಅಂಚು ತಿರುಗಿಸಿ, ಕೈ ಹಗುರ ಮಾಡಿ ಬರೆಯುತ್ತಾರೆ. ಒತ್ತಿನ ಗೆರೆ ಮೂಲದಷ್ಟೇ ದಪ್ಪ, ಇಲ್ಲವೇ ಕೂದಲೆಳೆ ಕಡಿಮೆ ಇದ್ದರೆ ಮಾಡಿದವರು ಕೆಲಸ ಬಲ್ಲವರು ಅಂತ ತಿಳಿಯಿರಿ. ನಾನು ಫಾಂಟಿಗೆ ದುಡ್ಡು ಕೊಡುವುದು ಬಿಡುವುದು ನಿರ್ಧಾರ ಆಗುವುದು ಇಲ್ಲೇ.

ಗದಗದಲ್ಲಿ ಒತ್ತಿಲ್ಲ, ಕೊಂಬಿಲ್ಲ. ಅದನ್ನು ತೋರಿಸಿದರೆ ಯಾವ ಫಾಂಟೂ ಚೆನ್ನಾಗಿಯೇ ಕಾಣುತ್ತದೆ! ಆದರೆ ಎರಡೂ ತುದಿಗೆ ಗ ಇದೆ. ಎರಡು ಗ ತದ್ರೂಪ ಒಂದೇ ಇದ್ದರೆ, ಗೀರು ಕೂಡ ಅದೇ ಜಾಗದಲ್ಲಿ ಬಿದ್ದಿದ್ದರೆ, ಕೈಬರಹದ ನಾಟಕ ಅಲ್ಲೇ ಬಯಲಾಗುತ್ತದೆ.

ಲಕ್ಷ್ಮೇಶ್ವರ ಕೊನೆಯ ಪರೀಕ್ಷೆ. ಕ್ಷ್ಮೇ ಒಂದರಲ್ಲೇ ಎರಡು ಒತ್ತು, ಎತ್ವ, ದೀರ್ಘ. ಇದನ್ನು ಗೊಂದಲವಿಲ್ಲದೆ ಕೂರಿಸಿದ್ದರೆ ಉಳಿದ ಕನ್ನಡವನ್ನು ನಂಬಬಹುದು.

ನೆಟ್‌ನಲ್ಲಿ ಫ್ರೀ ಸಿಕ್ಕಿದ್ದನ್ನ ಹಾಕಿಕೊಂಡರೆ ಕೇಸ್ ಆಗುತ್ತಾ?

ಜೊತೆಗೆ ಬರುವ ಲೈಸೆನ್ಸ್ ಕಾಗದ ಓದಿ. ಸ್ವಂತ ಬಳಕೆಗೆ ಮಾತ್ರ ಫ್ರೀ ಅಂತ ಇದ್ದರೆ ಗಿರಾಕಿಯ ಬೋರ್ಡಿಗೆ ಬಳಸುವಂತಿಲ್ಲ. ಓಪನ್ ಫಾಂಟ್ ಲೈಸೆನ್ಸ್ ಇದ್ದರೆ ಬೋರ್ಡು, ಲೇಬಲ್, ಟೀ-ಶರ್ಟ್ ಏನಕ್ಕಾದರೂ ಸರಿ. ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೇ.

ಪುಕ್ಕಟೆಯಲ್ಲಿ ಕನ್ನಡದ ಅಪ್ಪಟ ಬ್ರಷ್ ಫಾಂಟು ಹುಡುಕಿದರೆ ಬೇಸರವಾಗುತ್ತದೆ. ಹತ್ತಿರದ ನೆಂಟರು ಇದ್ದಾರೆ. ಏಕ್ ಟೈಪ್‌ನವರ ‘ಬಾಲೂ ತಮ್ಮ 2’ ದಪ್ಪಗೆ, ನಗುಮುಖದ್ದು. ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ಮಾಡಿದ ‘ಅಕಾಯ ಕನಡಕ’ದಲ್ಲಿ ಕೈಯ ಓಟ ಚೆನ್ನಾಗಿದೆ. ಎರಡೂ ಗೂಗಲ್ ಫಾಂಟ್ಸ್‌ನಲ್ಲಿವೆ, ಓಪನ್ ಲೈಸೆನ್ಸ್. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬಂದ ‘ಕನ್ನಡ ಆಲ್ ಫಾಂಟ್ಸ್’ ಫೋಲ್ಡರ್ ನಿಮ್ಮ ಬಳಿಯೂ ಇರಬೇಕಲ್ವಾ? ಅದರಲ್ಲಿ ಯಾವುದು ಯಾರದ್ದು ಅಂತ ಯಾರಿಗೂ ತಿಳಿಯದು. ದೊಡ್ಡ ಗಿರಾಕಿಯ ಕೆಲಸಕ್ಕೆ ಅದನ್ನು ಮುಟ್ಟಬೇಡಿ.

## ಕಂಪ್ಯೂಟರಿನ ತಕರಾರು

ಫೋಟೋಶಾಪ್‌ನಲ್ಲಿ ಒತ್ತಕ್ಷರ ಎಲ್ಲಾ ಒಡೆದು ಬೇರೆ ಬೇರೆ ಬರ್ತಿದೆ. ಫಾಂಟ್ ಕೆಟ್ಟಿದೆಯಾ?

ಬಹುಪಾಲು ಫಾಂಟಿನ ತಪ್ಪಲ್ಲ. ತೀರ ಹೊಸದಲ್ಲದ ಫೋಟೋಶಾಪ್ ಆಗಿದ್ದರೆ ಹೀಗೆ ಮಾಡಿ. ಪ್ರಿಫರೆನ್ಸಸ್‌ನಲ್ಲಿ ಟೈಪ್ ಅನ್ನುವ ಭಾಗಕ್ಕೆ ಹೋಗಿ. ಅಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಿ. ಇನ್ನೂ ಹಳೇ ಆವೃತ್ತಿಯಲ್ಲಿ ಅದೇ ಜಾಗದಲ್ಲಿ ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಅಂತ ಇರುತ್ತದೆ. ಫೋಟೋಶಾಪ್ ಮುಚ್ಚಿ ತೆಗೆದು, ಹೊಸದಾಗಿ ಟೈಪ್ ಮಾಡಿ. ಇಲಸ್ಟ್ರೇಟರ್‌ನಲ್ಲಿ ‘ಶೋ ಇಂಡಿಕ್ ಆಪ್ಶನ್ಸ್’, ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’. ಇಷ್ಟಾದರೂ ‘ಕರ್ನಾಟಕ’ದ ಅರ್ಕಾವತ್ತು ಜಾಗಕ್ಕೆ ಬರದಿದ್ದರೆ ಆಗ ಫಾಂಟಿನ ಮೇಲೆ ಸಿಟ್ಟು ಮಾಡಿ.

ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದನ್ನ ಹೊಸ ಬ್ರಷ್ ಫಾಂಟಿಗೆ ಬದಲಿಸಿದರೆ ಇಂಗ್ಲಿಷ್ ಕಸ ಬರುತ್ತೆ. ಯಾಕೆ?

ಹಳೇ ಪದ್ಧತಿಯ ಫಾಂಟಿನಲ್ಲಿ ಕನ್ನಡದ ಚಿತ್ರಗಳನ್ನು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಬಾಡಿಗೆಗೆ ಇಟ್ಟಿರುತ್ತಾರೆ. ಫಾಂಟು ಬದಲಿಸಿದ ಕೂಡಲೇ ಮನೆಯ ನಿಜವಾದ ಮಾಲೀಕರು ಹೊರಗೆ ಬರುತ್ತಾರೆ. ಯುನಿಕೋಡ್‌ನಲ್ಲಿ (ಒಂದೊಂದು ಲಿಪಿಯ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಪದ್ಧತಿ) ಕನ್ನಡಕ್ಕೆ ಸ್ವಂತ ಜಾಗ ಇದೆ, 128 ಮನೆ. ಹೊಸ ಫಾಂಟು ಯುನಿಕೋಡ್ ಆಗಿದ್ದರೆ ಹಳೇ ಬರಹವನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳಿ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಿಟ್ಟು ಓದಿ.

ಪ್ರೆಸ್‌ಗೆ ಕೊಟ್ಟ ಮೇಲೆ ಬೇರೆ ಫಾಂಟ್‌ನಲ್ಲಿ ಅಚ್ಚಾಗಿ ಬಂತು. ಯಾರ ತಪ್ಪು?

ನಿಮ್ಮದೇ. ನನಗೂ ಆಗಿದೆ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ಲಗ್ನಸರಾಯಿಯ ಗಡಿಬಿಡಿ. ರಾತ್ರಿ ಹತ್ತಕ್ಕೆ ಒಂದು ಪತ್ರಿಕೆಯ ಫೈಲನ್ನು ಹಾಗೇ ಪ್ರೆಸ್ಸಿಗೆ ಕಳಿಸಿ ಮಲಗಿದೆ. ಅವರ ಕಂಪ್ಯೂಟರಿನಲ್ಲಿ ನನ್ನ ಫಾಂಟು ಇರಲಿಲ್ಲ. ಅದು ಬೇರೆ ಯಾವುದನ್ನೋ ತಂದು ಕೂರಿಸಿತು. ‘ಜ್ಯೋತಿ’ಯ ಯ ಒತ್ತು ಪಕ್ಕಕ್ಕೆ ಜಾರಿ ಚೌಕಡಬ್ಬಿಯಾಗಿ ನಿಂತಿತ್ತು. 300 ಕಾರ್ಡು. ಹುಡುಗಿಯ ಅಪ್ಪ ಸಿಟ್ಟಾಗಲಿಲ್ಲ, ಸುಮ್ನೆ ಕಾರ್ಡನ್ನು ನನ್ನ ಮುಂದೆ ಇಟ್ಟು ‘ಇದೇನ್ರಿ ಇದು?’ ಅಂದರು. ಬೈದಿದ್ದರೇ ಚೆನ್ನಾಗಿತ್ತು. ಮತ್ತೆ ಅಚ್ಚು ಹಾಕಿಸಿದ ಖರ್ಚು ನನ್ನದು.

ಅಂದಿನಿಂದ ಫೈಲ್ ಹೊರಗೆ ಹೋಗುವ ಮುಂಚೆ ಅಕ್ಷರವನ್ನು ಕರ್ವ್ ಮಾಡುತ್ತೇನೆ. ಕೋರಲ್‌ಡ್ರಾದಲ್ಲಿ ಕಂಟ್ರೋಲ್ ಮತ್ತು ಕ್ಯೂ, ಇಲಸ್ಟ್ರೇಟರ್‌ನಲ್ಲಿ ಕಂಟ್ರೋಲ್, ಶಿಫ್ಟ್, ಓ. ಕರ್ವ್ ಆದಮೇಲೆ ಅದು ಅಕ್ಷರವಲ್ಲ, ಚಿತ್ರ. ತಿದ್ದಲು ಬರುವುದಿಲ್ಲ. ಆದ್ದರಿಂದ ತಿದ್ದುವ ಪ್ರತಿ ಒಂದು, ಕಳಿಸುವ ಪ್ರತಿ ಒಂದು ಬೇರೆ ಬೇರೆ ಇಡಿ.

ಟ್ರ್ಯಾಕ್ಟರ್ ಹಿಂದ ರೇಡಿಯಂ ಹಾಕ್ಸಬೇಕ್ರಿ, ಬ್ರಷ್ ಅಕ್ಷರದಾಗ ‘ತಾಯಿಯ ಆಶೀರ್ವಾದ’. ಮಷಿನ್ ಸರಿಯಾಗಿ ಕತ್ತರಸವಲ್ದು.

ಕತ್ತರಿಸುವ ಮಷಿನ್ ಅಂಚಿನ ಗೆರೆಯನ್ನೇ ಹಿಡಿದು ಓಡುತ್ತದೆ. ಗೀರುಗೀರಿನ ಫಾಂಟು ಕೊಟ್ಟರೆ ಒಂದೊಂದು ಅಕ್ಷರದಲ್ಲಿ ನೂರಾರು ಚೂರು. ಬ್ಲೇಡು ರೇಡಿಯಂ ಹಾಳೆಯನ್ನು ಕಿತ್ತು ಹಾಕುತ್ತದೆ. ಒಂದುವೇಳೆ ಕತ್ತರಿಸಿದರೂ ಬೇಡದ ಚೂರುಗಳನ್ನು ಕಿತ್ತು ತೆಗೆಯುವುದು ಯಾರು? ಚಿಮುಟ ಹಿಡಿದು ಸಂಜೆವರೆಗೆ ಕೂರಬೇಕು.

ಸಾಫ್ ಅಂಚಿನ ಫಾಂಟು ತಗೊಳ್ಳಿ. ಕರ್ವ್ ಮಾಡಿ, ಒಂದರ ಮೇಲೊಂದು ಬಿದ್ದಿರುವ ತಲೆಕಟ್ಟು, ಗುಡಿಸು, ಒತ್ತು ಎಲ್ಲವನ್ನೂ ವೆಲ್ಡ್ ಮಾಡಿ, ಅಂದರೆ ಕೂಡಿಸಿ ಒಂದೇ ಆಕಾರ ಮಾಡಿ. ಮಾಡದಿದ್ದರೆ ಎರಡು ಭಾಗ ಸೇರುವ ಕಡೆಯಲ್ಲೆಲ್ಲ ಮಷಿನ್ ನಡುವೆಯೂ ಕೊಯ್ಯುತ್ತದೆ. ‘ರ್ವಾ’ದ ಅರ್ಕಾವತ್ತಿನ ಬಾಲ ತೀರ ಚೂಪಾಗಿದ್ದರೆ ಸ್ವಲ್ಪ ಮೊಂಡು ಮಾಡಿ. ಹೊಲದ ಧೂಳು, ಮಳೆ, ತೊಳೆಯುವಾಗ ಪೈಪಿನ ನೀರು, ಇವಕ್ಕೆ ಮೊದಲು ಎದ್ದು ಬರುವುದು ಅಂಥ ಚೂಪು ತುದಿಯೇ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಒಂದೇ ಅಕ್ಷರ ಎರಡು ಸಲ ಬಂದಾಗ ಬೇರೆ ಬೇರೆ ಕಾಣೋ ಹಾಗೆ ಮಾಡಬಹುದಾ?

ಒಳ್ಳೆಯ ಫಾಂಟುಗಳಲ್ಲಿ ಒಂದಕ್ಷರಕ್ಕೆ ಎರಡು ಮೂರು ರೂಪ ಇಟ್ಟಿರುತ್ತಾರೆ. ಓಪನ್‌ಟೈಪ್‌ನ (ಫಾಂಟಿನ ಒಳಗೇ ಇಂಥ ನಿಯಮ ಇಡುವ ಪದ್ಧತಿ) ‘ಕಾಂಟೆಕ್ಸ್ಚುವಲ್ ಆಲ್ಟರ್ನೇಟ್ಸ್’ ಚಾಲೂ ಇದ್ದರೆ ಅದೇ ಅಕ್ಷರ ಮತ್ತೆ ಬಂದಾಗ ಫಾಂಟು ತಾನೇ ರೂಪ ಬದಲಿಸುತ್ತದೆ. ಇಲ್ಲದಿದ್ದರೆ ಕರ್ವ್ ಮಾಡಿ ಎರಡನೇ ಅಕ್ಷರವನ್ನು ಕೈಯಾರೆ ತಿದ್ದಿ. ತಲೆಕಟ್ಟು ತುಸು ಉದ್ದ ಎಳೆಯಿರಿ, ಅಕ್ಷರವನ್ನು ಒಂದೆರಡು ಡಿಗ್ರಿ ತಿರುಗಿಸಿ. ಸಾಕು.

ಓರೆ ಮಾಡಲು ಮಾತ್ರ ಹೋಗಬೇಡಿ. ಇಡೀ ಸಾಲನ್ನು ಬಲಕ್ಕೆ ವಾಲಿಸಿದರೆ ಸಾಲಿನ ಕೆಳಗಿರುವ ಒತ್ತಕ್ಷರ ಎಡಕ್ಕೆ ಜಾರುತ್ತದೆ. ‘ಅಕ್ಕ’ನ ಕ ಒತ್ತು ಅಕ್ಕನ ಅ ಕೆಳಗೆ ಹೋಗಿ ಕೂರಲು ನೋಡುತ್ತದೆ.

ಎರಡು ಸಾಲಿನಲ್ಲಿ ಹೆಸರು ಬರೆದಾಗ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಬಡಿಯುತ್ತೆ. ಏನು ಮಾಡೋದು?

ಓದುವ ಪಠ್ಯಕ್ಕಾದರೆ ಸಾಲಿನ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಜಾಸ್ತಿ ಕೊಟ್ಟು ಮುಗಿಸಿ. ಬೋರ್ಡಿನ ಹೆಸರಿಗೆ ಅಷ್ಟು ಅಂತರ ಕೊಟ್ಟರೆ ಎರಡು ಸಾಲು ಜಗಳ ಆಡಿದವರಂತೆ ದೂರ ನಿಲ್ಲುತ್ತವೆ. ಅಲ್ಲಿ ಕೆಳಗಿನ ಸಾಲನ್ನು ಎಡಕ್ಕೋ ಬಲಕ್ಕೋ ಸರಿಸಿ, ಮೇಲಿನ ಒತ್ತು ಕೆಳಗಿನ ಎರಡು ಅಕ್ಷರದ ಸಂದಿಯಲ್ಲಿ ಇಳಿಯುವಂತೆ ಮಾಡಿ. ‘ಹುಬ್ಬಳ್ಳಿ’ ಕೆಳಗೆ ‘ಮಿರ್ಚಿ’ ಬರೆಯುವಾಗ ಬ ಒತ್ತನ್ನು ಮಿ ಮತ್ತು ರ್ಚಿ ನಡುವೆ ಇಳಿಸಿದ್ದೆ. ಎರಡು ಸಾಲು ಹೆಣೆದಂತೆ ಆಯಿತು. ಅದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು ಅನ್ನಿ.

ವೆಬ್‌ಸೈಟ್‌ನಲ್ಲಿ ಹಾಕಿದರೆ ಪುಟ ತೆರೆಯೋಕೆ ತಡ ಆಗುತ್ತೆ. ಪರಿಹಾರ ಇದೆಯಾ?

ಗೀರು ಜಾಸ್ತಿ ಇದ್ದಷ್ಟೂ ಫೈಲು ದಪ್ಪ. ವೆಬ್‌ಗೆಂದೇ ಹಿಂಡಿ ಸಣ್ಣ ಮಾಡಿದ ವಾಫ್2 (WOFF2) ರೂಪಕ್ಕೆ ಬದಲಿಸಿ, ಬೇಡದ ಭಾಷೆಯ ಅಕ್ಷರ ತೆಗೆಯಿರಿ. ತೆಗೆಯುವಾಗ ಒತ್ತಕ್ಷರ ಕೂಡಿಸುವ ಓಪನ್‌ಟೈಪ್ ನಿಯಮಗಳು ಹೋಗದಂತೆ ನೋಡಿಕೊಳ್ಳಿ. ಒಂದೇ ಶೀರ್ಷಿಕೆಗೆ ಬೇಕು ಅಂದರೆ ಫಾಂಟೇ ಬೇಡ, ಆ ಒಂದು ಸಾಲನ್ನು ಎಸ್‌ವಿಜಿ ಚಿತ್ರ ಮಾಡಿ ಇಡಿ.

ನಾನೇ ಒಂದು ಕನ್ನಡ ಬ್ರಷ್ ಫಾಂಟ್ ಮಾಡ್ಬೇಕು ಅಂತಿದ್ದೀನಿ. 49 ಅಕ್ಷರ ಬರೆದರೆ ಆಯ್ತಲ್ವಾ?

ಇಲ್ಲ ತಮ್ಮಾ. ವರ್ಣಮಾಲೆ 49 ನಿಜ: 13 ಸ್ವರ, 2 ಯೋಗವಾಹ, 34 ವ್ಯಂಜನ. ಆದರೆ ಕಾ, ಕಿ, ಕೆ, ಕೌ, ಕ್ ಬರೆಯುವಾಗ ತಲೆಕಟ್ಟು ಇದ್ದ ಜಾಗದ ರೂಪವೇ ಬದಲಾಗುತ್ತದೆ. ಸಾದಾ ಕ ಸೇರಿಸಿ ಆರು ರೂಪ ಅಂತ ಹಿಡಿ. 34ಕ್ಕೆ ಆರು ಅಂದರೆ 204. ಒತ್ತಕ್ಷರ 34. ಸ್ವರ, ಬಿಡಿ ಕೊಂಬು, ದೀರ್ಘ, ಅರ್ಕಾವತ್ತು, ಎರಡು ಬಗೆಯ ಅಂಕಿ, ಚಿಹ್ನೆಗಳು ಎಲ್ಲಾ ಸೇರಿ 300ರ ಹತ್ತಿರ ಹೋಗುತ್ತದೆ. ಪು, ಫು, ವುಗಳ ಕೊಂಬು ಬೇರೆ ಥರ ಕೂರುತ್ತದೆ, ಅವು ಬೇರೆ. ಮೇಲೆ ಹೇಳಿದ ಎರಡನೇ ರೂಪಗಳು ಇನ್ನೂ ಬಂದಿಲ್ಲ.

ಒಂದು ಅಕ್ಷರವನ್ನು ಒಮ್ಮೆ ಮಾತ್ರ ಬರೆಯಬೇಡ. ಕಾಗದದಲ್ಲಿ ಹತ್ತು ಸಲ ಬರೆದು ಒಂದನ್ನು ಆರಿಸು. ಬಿಡಿ ಅಕ್ಷರ ಬರೆಯುವುದಕ್ಕಿಂತ ಪದಗಳನ್ನೇ ಬರೆದು ಅದರಿಂದ ಅಕ್ಷರ ಕತ್ತರಿಸಿಕೊಂಡರೆ ಕೈಯ ಓಟ ಉಳಿಯುತ್ತದೆ. ಇಡೀ ಕೆಲಸಕ್ಕೆ ಒಂದೇ ಬ್ರಷ್, ಒಂದೇ ಕಾಗದ, ಅಕ್ಷರದ ಎತ್ತರವೂ ಒಂದೇ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡು. ಇಂಕ್‌ಸ್ಕೇಪ್‌ನಲ್ಲಿ ಅಂಚು ತೆಗೆದು, ಬೇಡದ ಬಿಂದುಗಳನ್ನು ಅಳಿಸಿ, ಫಾಂಟ್‌ಫೋರ್ಜ್‌ಗೆ ತಗೊಂಡು ಹೋಗು. ಎರಡೂ ಪುಕ್ಕಟೆ. ಒತ್ತು ಎಲ್ಲಿ ಕೂರಬೇಕು, ಯಾವುದರ ಬದಲು ಯಾವುದು ಬರಬೇಕು ಅನ್ನುವ ನಿಯಮ ಬರೆಯುವುದೇ ಅರ್ಧ ಕೆಲಸ. ಅಲ್ಲಿ ಬೇಸರ ಬಂದು ಬಿಟ್ಟವರೇ ಹೆಚ್ಚು, ನನ್ನನ್ನೂ ಸೇರಿಸಿ. ನನ್ನದು ‘ಶ’ವರೆಗೆ ಬಂದು ನಿಂತಿದೆ.

ಇಷ್ಟೆಲ್ಲಾ ಯಾಕ್ರಿ, ಬೋರ್ಡ್ ಬರೆಯೋರನ್ನ ಕರೆಸಿದ್ರ ಆಗೂದಿಲ್ಲೇನು?

ಆಗುತ್ತದೆ. ಮೂರು ಪದದ ಹೆಸರಿಗೆ ಫಾಂಟು ಹುಡುಕಿ ತಿದ್ದುವುದಕ್ಕಿಂತ ಅದೇ ಮೇಲು. ನಾನು ಕೆಲಸ ಕಲಿತದ್ದು ಒಬ್ಬ ಕಾಕಾ ಹತ್ತಿರ. ಇಲ್ಲೇ ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತಮುತ್ತ ಬೋರ್ಡ್ ಬರೆಯುತ್ತಿದ್ದರು. ಬಣ್ಣ ಹಚ್ಚಿದ ದಾರವನ್ನು ತಗಡಿನ ಮೇಲೆ ಬಿಗಿಯಾಗಿ ಹಿಡಿದು ಒಮ್ಮೆ ಮೀಟಿ ಗೆರೆ ಹಾಕುತ್ತಿದ್ದರು. ತುದಿಗೆ ಬಟ್ಟೆ ಸುತ್ತಿದ ಕೋಲನ್ನು ಎಡಗೈಲಿ ಆನಿಸಿ, ಅದರ ಮೇಲೆ ಬಲಗೈ ಊರಿ ಬರೆಯುತ್ತಿದ್ದರು. ಚಪ್ಪಟೆ ಬ್ರಷ್ಷನ್ನು ಎನಾಮಲ್ ಡಬ್ಬಿಯಲ್ಲಿ ಅದ್ದಿ, ಅಂಚಿಗೆ ಎರಡು ಸಲ ಸವರಿ, ‘ರ’ದ ಹೊಟ್ಟೆ ತಿರುಗಿಸುವಾಗ ಕೈಯ ಬದಲು ಹೆಬ್ಬೆರಳು ತೋರುಬೆರಳಿನ ನಡುವೆ ಬ್ರಷ್ಷನ್ನೇ ಹೊರಳಿಸುತ್ತಿದ್ದರು. ಗೆರೆಯ ದಪ್ಪ ಬದಲಾಗುವುದು ಆ ಹೊರಳಿನಲ್ಲಿ. ಫಾಂಟಿನಲ್ಲಿ ನಾವು ಹುಡುಕುವುದೂ ಅದನ್ನೇ.

ಈಗಲೂ ಹೆಸರು ಮುಖ್ಯ ಅನ್ನುವ ಗಿರಾಕಿ ಬಂದರೆ ಕಾಕಾಗೆ ಫೋನ್ ಮಾಡುತ್ತೇನೆ. ಕಣ್ಣು ಸ್ವಲ್ಪ ಮಂದ ಆಗಿದೆ, ಏಣಿ ಹತ್ತುವುದಿಲ್ಲ. ಅಂಗಡಿಗೆ ಬಂದು ದೊಡ್ಡ ಕಾಗದದ ಮೇಲೆ ಹೆಸರನ್ನು ನಾಲ್ಕು ಥರ ಬರೆದು ಕೊಡುತ್ತಾರೆ. ನಾನು ಸ್ಕ್ಯಾನ್ ಮಾಡಿ, ಅಂಚು ತೆಗೆದು, ಬೋರ್ಡಿಗೆ, ಬಿಲ್ಲಿಗೆ, ಕೈಚೀಲಕ್ಕೆ ಅದನ್ನೇ ಹಾಕುತ್ತೇನೆ. ಅಂಥ ಅಕ್ಷರ ಇನ್ನೊಬ್ಬರ ಅಂಗಡಿ ಮೇಲೆ ಕಾಣುವ ಭಯ ಇಲ್ಲ. ದರ ಏನು ಅಂತ ನನ್ನನ್ನು ಕೇಳಬೇಡಿ, ಅದನ್ನು ಕಾಕಾ ಚಹಾ ಕುಡಿದಾದ ಮೇಲೆ ಹೇಳುತ್ತಾರೆ.